ಬ್ಯಾಟ್‌ಮನ್‌ನ ಮೊದಲ ಕಥೆಗಳು: ಯಾವ ಸಂಗ್ರಹ ಕೊಂಡರೆ ಒಳ್ಳೆಯದು?

ಡಿಟೆಕ್ಟಿವ್ ಕಾಮಿಕ್ಸ್‌ನ 27ನೇ ಸಂಚಿಕೆಯಲ್ಲಿ ಬ್ಯಾಟ್‌ಮನ್‌ಗೆ ಸಿಕ್ಕಿದ್ದು ಬರೀ ಆರು ಪುಟ. 1939ರ ಮೇ ತಿಂಗಳ ಸಂಚಿಕೆ ಅದು, ಬೆಲೆ ಹತ್ತು ಸೆಂಟ್. ರಾಸಾಯನಿಕ ಕಂಪನಿಯೊಂದರ ಪಾಲುದಾರರು ಒಬ್ಬರ ಹಿಂದೊಬ್ಬರು ಕೊಲೆಯಾಗುತ್ತಾರೆ. ಕಮಿಷನರ್ ಗಾರ್ಡನ್ ಮನೆಯಲ್ಲಿ ಹರಟೆ ಹೊಡೆಯುತ್ತಾ ಕೂತಿದ್ದ ಶ್ರೀಮಂತ ಯುವಕ ಬ್ರೂಸ್ ವೇಯ್ನ್ ಕಿವಿಗೆ ಆ ಸುದ್ದಿ ಬೀಳುತ್ತದೆ. ಕಥೆಯ ಕೊನೆಯಲ್ಲಿ ಮುಖವಾಡದವನೊಬ್ಬ ಕೊಡುವ ಗುದ್ದಿಗೆ ಅಪರಾಧಿ ಆಸಿಡ್ ತೊಟ್ಟಿಯೊಳಗೆ ಬೀಳುತ್ತಾನೆ. ಆ ಮುಖವಾಡದವನು ಯಾರು ಅಂತ ಗೊತ್ತಾಗುವುದು ಕಟ್ಟಕಡೆಯ ಪ್ಯಾನೆಲ್‌ನಲ್ಲಿ. ಕೆಲಸವಿಲ್ಲದೆ ಕಾಲ ಕಳೆಯುವವನಂತೆ ಕಂಡ ಬ್ರೂಸ್ ವೇಯ್ನೇ ಅವನು.

ಈ ಸಂಚಿಕೆಯ ಮೂಲ ಪ್ರತಿ ಕೊಳ್ಳುವುದು ನಮ್ಮಂಥವರಿಂದ ಆಗದ ಮಾತು. 2010ರಲ್ಲೇ ಒಂದು ಪ್ರತಿ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿಗೆ ಹೋಯಿತು. ಹಾಗಾಗಿ ನಮಗೆ ಉಳಿದಿರುವ ದಾರಿ ಸಂಗ್ರಹಗಳು. ಪ್ರಕಾಶಕರಾದ ಡಿಸಿ ಕಾಮಿಕ್ಸ್‌ನವರು ಈ ಹಳೆಯ ಕಥೆಗಳನ್ನು ಮುಖ್ಯವಾಗಿ ನಾಲ್ಕು ಸರಣಿಗಳಲ್ಲಿ ತಂದಿದ್ದಾರೆ. ಆರ್ಕೈವ್ಸ್, ಕ್ರಾನಿಕಲ್ಸ್, ಗೋಲ್ಡನ್ ಏಜ್ ಆಮ್ನಿಬಸ್, ಗೋಲ್ಡನ್ ಏಜ್ ಪೇಪರ್‌ಬ್ಯಾಕ್. ನಾಲ್ಕರಲ್ಲೂ ಮೊದಲ ಸಂಪುಟದ ಮೊದಲ ಕಥೆ ಇದೇ ಆಸಿಡ್ ತೊಟ್ಟಿಯ ಕಥೆ. ಯಾವುದಾದರೇನು, ಎಲ್ಲ ಒಂದೇ ಅಲ್ವಾ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು.

ನಾನು ಮೊದಲು ಕೊಂಡದ್ದು ಆರ್ಕೈವ್ಸ್‌ನ ಮೊದಲ ಸಂಪುಟ, ಒಂದು ಹಳೆ ಪುಸ್ತಕದಂಗಡಿಯಲ್ಲಿ. ಮೊದಲಿನಿಂದ ಎಲ್ಲಾ ಇದರಲ್ಲಿದೆ ಅಂತ ಅಂಗಡಿಯವರು ಹೇಳಿದರು, ನಾನೂ ನಂಬಿದೆ. ಒಂದೊಂದೇ ಕಥೆ ಓದುತ್ತಾ 45ನೇ ಸಂಚಿಕೆಗೆ ಬಂದಾಗ ಜೋಕರ್ ಎದುರಾದ. ಬ್ಯಾಟ್‌ಮನ್‌ಗೆ ಅವನು ಆಗಲೇ ಗೊತ್ತು, ಹಳೆಯ ವೈರಿ. ಪುಟಗಳೇನಾದರೂ ಅಂಟಿಕೊಂಡಿವೆಯಾ ಅಂತ ಹಿಂದಕ್ಕೆ ತಿರುವಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಜೋಕರ್ ಮೊದಲ ಸಲ ಬಂದ ಕಥೆ ಆ ಪುಸ್ತಕದಲ್ಲೇ ಇರಲಿಲ್ಲ.

ಕಾರಣ ಸರಳ. ಬ್ಯಾಟ್‌ಮನ್ ಹುಟ್ಟಿದ್ದು ಡಿಟೆಕ್ಟಿವ್ ಕಾಮಿಕ್ಸ್‌ನಲ್ಲಿ. ಅದು ತಿಂಗಳಿಗೊಮ್ಮೆ ಬರುವ ಪುಸ್ತಕ. ಬೇರೆ ಪತ್ತೇದಾರರ ಕಥೆಗಳ ಜೊತೆ ಅವನದೂ ಒಂದು ಇರುತ್ತಿತ್ತು. ಓದುಗರು ಮುಗಿಬಿದ್ದಿದ್ದು ನೋಡಿ 1940ರ ವಸಂತದಲ್ಲಿ 'ಬ್ಯಾಟ್‌ಮನ್' ಅಂತಲೇ ಇನ್ನೊಂದು ಪುಸ್ತಕ ಶುರುವಾಯಿತು. ಮೊದಮೊದಲು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಅದರಲ್ಲಿ ನಾಲ್ಕು ಕಥೆಯೂ ಅವನವೇ. ಜೋಕರ್ ಕಾಲಿಟ್ಟಿದ್ದು ಅದರ ಮೊದಲ ಸಂಚಿಕೆಯಲ್ಲಿ. ಮುಂದೆ ಕ್ಯಾಟ್‌ವುಮನ್ ಆಗುವ ಹೆಂಗಸು ಬರೀ 'ದ ಕ್ಯಾಟ್' ಎಂಬ ಹೆಸರಲ್ಲಿ ಬಂದಿದ್ದೂ ಅಲ್ಲೇ. ಆಮೇಲೆ ವರ್ಲ್ಡ್ಸ್ ಫೈನೆಸ್ಟ್ ಅನ್ನುವ ಮೂರನೇ ಪುಸ್ತಕ ಸೇರಿಕೊಂಡಿತು. ಸ್ಕೇರ್‌ಕ್ರೋ ಎಂಬ ಖಳ ಮೊದಲು ಬಂದಿದ್ದು ಅದರಲ್ಲಿ. ಒಬ್ಬನೇ ನಾಯಕ, ಮೂರು ಪುಸ್ತಕ. ಸಂಗ್ರಹ ಮಾಡುವವರು ಈ ಮೂರನ್ನೂ ಹೆಣೆದಿದ್ದಾರಾ, ಬೇರೆ ಬೇರೆ ಇಟ್ಟಿದ್ದಾರಾ ಅನ್ನುವುದನ್ನೇ ಮೊದಲು ನೋಡಬೇಕು. ಕಾಗದ, ಬೈಂಡು, ಬೆಲೆ ಎಲ್ಲ ಆಮೇಲೆ.

ಈ ಕ್ರಮಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಮೊದಲ ಎರಡು ವರ್ಷದ ಬ್ಯಾಟ್‌ಮನ್ ಇನ್ನೂ ಪೂರ್ತಿ ಬ್ಯಾಟ್‌ಮನ್ ಆಗಿರಲಿಲ್ಲ. ತಿಂಗಳು ತಿಂಗಳೂ ಅವನು ಬದಲಾಗುತ್ತಾ ಹೋಗುತ್ತಾನೆ. ಅದನ್ನು ನೋಡುವುದೇ ಈ ಕಥೆಗಳ ದೊಡ್ಡ ಸುಖ.

ಮೊದಲ ಕಥೆಯಲ್ಲಿ ಅವನ ಕೈಗವಸು ನೇರಳೆ ಬಣ್ಣದ್ದು. ಹೆಸರಿನ ನಡುವೆ ಒಂದು ಅಡ್ಡಗೆರೆ ಇದೆ, 'ಬ್ಯಾಟ್-ಮನ್' ಅಂತ. ಸೊಂಟದ ಪಟ್ಟಿಯಲ್ಲಿ ಸಾಮಾನು ಇಟ್ಟುಕೊಳ್ಳುವುದು 29ನೇ ಸಂಚಿಕೆಯಿಂದ ಶುರು. ಅದನ್ನು ಬರೆದವರು ಗಾರ್ಡನರ್ ಫಾಕ್ಸ್. 31ರಲ್ಲಿ ಬ್ಯಾಟರಾಂಗ್ ಎಂಬ ಎಸೆಯುವ ಆಯುಧ ಬರುತ್ತದೆ, ಬಾವಲಿಯಾಕಾರದ ವಿಮಾನವೂ ಬರುತ್ತದೆ, ಜೊತೆಗೆ ಜೂಲಿ ಮ್ಯಾಡಿಸನ್ ಎಂಬ ಭಾವೀ ಪತ್ನಿ! 32ರಲ್ಲಿ ಅವನು ರಕ್ತಪಿಶಾಚಿಗಳನ್ನು ಬೆಳ್ಳಿಯ ಗುಂಡಿನಿಂದ ಹೊಡೆದು ಕೊಲ್ಲುತ್ತಾನೆ. ಹೌದು, ಪಿಸ್ತೂಲಿನಿಂದಲೇ. ಇವತ್ತಿನ ಬ್ಯಾಟ್‌ಮನ್‌ನನ್ನು ಮಾತ್ರ ಬಲ್ಲವರು ಈ ಪುಟದಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ಅವನು ಯಾಕೆ ಹೀಗಾದ ಅನ್ನುವುದನ್ನು ಅಲ್ಲಿಯವರೆಗೆ ಯಾರೂ ಹೇಳಿರುವುದಿಲ್ಲ. ಬೀದಿಯಲ್ಲಿ ಕಣ್ಣೆದುರೇ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ, ಮೊಂಬತ್ತಿ ಬೆಳಕಲ್ಲಿ ಅವನು ಮಾಡಿದ ಪ್ರತಿಜ್ಞೆ, ಕಿಟಕಿಯಿಂದ ಹಾರಿ ಬಂದ ಬಾವಲಿ. ಇದೆಲ್ಲ ಬರುವುದು 33ನೇ ಸಂಚಿಕೆಯಲ್ಲಿ, 1939ರ ನವೆಂಬರ್‌ನಲ್ಲಿ. ಎರಡೇ ಪುಟ. ಎಷ್ಟೋ ಸಿನಿಮಾಗಳು ಮತ್ತೆ ಮತ್ತೆ ತೋರಿಸಿರುವ ಆ ದೃಶ್ಯಕ್ಕೆ ಮೂಲ ಈ ಎರಡು ಪುಟ. ನಾನು ಪ್ರತಿಸಲ ಓದುವಾಗಲೂ ಇಲ್ಲಿ ನಿಧಾನವಾಗುತ್ತೇನೆ. ಅದಕ್ಕೂ ಮುಂಚೆ ಆರು ತಿಂಗಳು, ಕಾರಣ ಗೊತ್ತಿಲ್ಲದೆ ಇವನ ಹಿಂದೆ ಓಡಿರುತ್ತೀರಲ್ಲ, ಅದಕ್ಕೇ ಆ ಎರಡು ಪುಟ ಎದೆಗೆ ತಟ್ಟುತ್ತವೆ.

38ನೇ ಸಂಚಿಕೆಯಲ್ಲಿ ರಾಬಿನ್ ಬಂದ ಮೇಲೆ ಕಥೆಗಳ ಬಣ್ಣವೇ ಬೇರೆ. ಮಾತನಾಡಲು ಜೊತೆಗಾರ ಸಿಕ್ಕ, ನಗು ಬಂತು. ಅದಾದ ಸ್ವಲ್ಪದರಲ್ಲೇ 'ಬ್ಯಾಟ್‌ಮನ್' ಒಂದನೇ ಸಂಚಿಕೆ. ಅದರಲ್ಲಿ ಹ್ಯೂಗೋ ಸ್ಟ್ರೇಂಜ್ ಎಂಬ ದುಷ್ಟ ವಿಜ್ಞಾನಿ ಸೃಷ್ಟಿಸಿದ ದೈತ್ಯರ ಮೇಲೆ ಬ್ಯಾಟ್‌ಮನ್ ವಿಮಾನದಿಂದ ಮಷಿನ್ ಗನ್ ಹಾರಿಸುತ್ತಾನೆ. ಒಬ್ಬನನ್ನು ಹಗ್ಗ ಬಿಗಿದು ವಿಮಾನಕ್ಕೇ ನೇತು ಹಾಕುತ್ತಾನೆ. ಸಂಪಾದಕ ವಿಟ್ನಿ ಎಲ್ಸ್‌ವರ್ತ್‌ಗೆ ಇದು ಸರಿ ಬರಲಿಲ್ಲ. ಇನ್ನು ಮೇಲೆ ಅವನು ಕೊಲ್ಲಬಾರದು, ಬಂದೂಕು ಹಿಡಿಯಬಾರದು ಅಂದರು. ಅದೇ ಸಂಚಿಕೆಯ ಕೊನೆಯ ಕಥೆಯಲ್ಲಿ ಜೋಕರ್ ಸಾಯಬೇಕಿತ್ತು. ಇಂಥ ಖಳನನ್ನು ಕಳೆದುಕೊಳ್ಳುವುದು ಬೇಡ ಅಂತ ಅವನು ಬದುಕಿದ್ದಾನೆ ಎನ್ನುವ ಒಂದು ಪ್ಯಾನೆಲ್ ಸೇರಿಸಿದರು. ನಾವು ಬಲ್ಲ ಬ್ಯಾಟ್‌ಮನ್ ಈ ಒಂದು ಸಂಚಿಕೆಯ ಆಚೆ ಈಚೆ ರೂಪುಗೊಂಡ. ಆ ಸಂಚಿಕೆ ಇಲ್ಲದ ಸಂಗ್ರಹದಿಂದ ಶುರು ಮಾಡಿದರೆ ಏನು ತಪ್ಪಿಹೋಗುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಆರ್ಕೈವ್ಸ್

1990ರಲ್ಲಿ ಶುರುವಾದ ಸರಣಿ. ಗಟ್ಟಿ ರಟ್ಟು, ಮೇಲೊಂದು ಜಾಕೆಟ್, ಹೊಳೆಯುವ ದಪ್ಪ ಕಾಗದ. ಮೊದಲ ಸಂಪುಟದಲ್ಲಿ ಡಿಟೆಕ್ಟಿವ್ ಕಾಮಿಕ್ಸ್ 27ರಿಂದ 50ರವರೆಗಿನ ಬ್ಯಾಟ್‌ಮನ್ ಕಥೆಗಳಿವೆ, ಅಷ್ಟೇ. 'ಬ್ಯಾಟ್‌ಮನ್' ಪುಸ್ತಕದ ಕಥೆಗಳಿಗೆ ಡಾರ್ಕ್ ನೈಟ್ ಆರ್ಕೈವ್ಸ್ ಅಂತ ಬೇರೆಯೇ ಸರಣಿ ಇದೆ. ಅದರ ಮೊದಲ ಸಂಪುಟದಲ್ಲಿ 1ರಿಂದ 4ನೇ ಸಂಚಿಕೆಗಳು. ವರ್ಲ್ಡ್ಸ್ ಫೈನೆಸ್ಟ್ ಕಥೆಗಳಿಗೆ ಮತ್ತೂ ಒಂದು. ಹೆಸರು ನೋಡಿದರೆ ಒಂದು ಇನ್ನೊಂದರ ಮುಂದುವರಿದ ಭಾಗ ಅನಿಸುತ್ತದೆ. ಅದು ತಪ್ಪು. ಮೂರೂ ಅಕ್ಕಪಕ್ಕದಲ್ಲಿ ಓದಬೇಕಾದವು.

ಮೇಜಿನ ಮೇಲೆ ಎರಡು ಸಂಪುಟ ಬಿಡಿಸಿಟ್ಟುಕೊಂಡು, ತಿಂಗಳು ನೋಡಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗಿ ಓದಬಹುದು. ನಾನು ಹಾಗೆ ಮಾಡಿದ್ದೇನೆ. ಆಗುತ್ತದೆ, ಆದರೆ ಸುಮ್ನೆ ಕಷ್ಟ. ಇನ್ನೊಂದು ವಿಷಯ ಬಣ್ಣ. ಈ ಕಥೆಗಳು ಅಚ್ಚಾಗಿದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಆ ಒರಟು ಕಾಗದ ಬಣ್ಣ ಹೀರಿ ಮೆತ್ತಗೆ ಮಾಡುತ್ತಿತ್ತು. ಅದೇ ಹಳದಿ, ಅದೇ ಕೆಂಪು ಬಿಳೀ ಹೊಳಪು ಕಾಗದಕ್ಕೆ ಬಂದಾಗ ಕಣ್ಣಿಗೆ ರಾಚುತ್ತದೆ. ರಾತ್ರಿ ದೀಪದ ಕೆಳಗೆ ಓದಿದರೆ ಪುಟ ಮಿಂಚುತ್ತದೆ, ಓರೆ ಮಾಡಿ ಹಿಡಿಯಬೇಕು. ಕತ್ತಲು, ಮಂಜು, ಚಂದ್ರನೇ ತುಂಬಿರುವ ಕಥೆಗಳಿಗೆ ಇದು ಹೊಂದುವುದಿಲ್ಲ.

ಹಾಗಂತ ಆರ್ಕೈವ್ಸ್ ಬೇಡವೇ ಬೇಡ ಅಂತಲ್ಲ. ಕಪಾಟಿನಲ್ಲಿ ಸಾಲಾಗಿ ನಿಂತಾಗ ಚೆಂದ ಕಾಣುತ್ತದೆ, ಬೈಂಡು ಗಟ್ಟಿ, ದಶಕಗಟ್ಟಲೆ ಬಾಳುತ್ತದೆ. ಹಳೆ ಪ್ರತಿ ಕಡಿಮೆ ಬೆಲೆಗೆ ಸಿಕ್ಕರೆ ತಗೊಳ್ಳಿ. ಡಾರ್ಕ್ ನೈಟ್ ಆರ್ಕೈವ್ಸ್‌ನ ಮೊದಲ ಸಂಪುಟವೂ ಜೊತೆಗಿರಲಿ.

ಕ್ರಾನಿಕಲ್ಸ್

2005ರಲ್ಲಿ ಡಿಸಿಯವರು ಈ ತೊಡಕನ್ನು ಬಿಡಿಸಿದರು. ಕ್ರಾನಿಕಲ್ಸ್ ತೆಳುವಾದ ಪೇಪರ್‌ಬ್ಯಾಕ್. ಕಥೆಗಳು ಬಂದ ಕ್ರಮದಲ್ಲೇ, ಯಾವ ಪುಸ್ತಕದಲ್ಲಿ ಬಂದಿದ್ದರೂ ಸರಿ, ಒಂದಾದ ಮೇಲೊಂದು. ಮೊದಲ ಸಂಪುಟದಲ್ಲಿ ಡಿಟೆಕ್ಟಿವ್ 27ರಿಂದ 38, ಕೊನೆಗೆ 'ಬ್ಯಾಟ್‌ಮನ್' ಒಂದನೇ ಸಂಚಿಕೆ. ಎಷ್ಟು ಸರಿಯಾಗಿ ಕೂತಿದೆ ನೋಡಿ. ಆಸಿಡ್ ತೊಟ್ಟಿಯಿಂದ ಶುರುವಾಗಿ, ರಾಬಿನ್ ಬಂದು, ಜೋಕರ್ ಬಂದು ಪುಸ್ತಕ ಮುಗಿಯುತ್ತದೆ. ಹೊಳಪಿಲ್ಲದ ಕಾಗದ, ಬಣ್ಣ ಹದವಾಗಿದೆ, ಕೈಗೆ ಹಗುರ. ಬಂದಾಗಿನ ಬೆಲೆ 14.99 ಡಾಲರ್.

ಬ್ಯಾಟ್‌ಮನ್ ಹುಟ್ಟಿದ ಮೊದಲ ವರ್ಷ ಮಾತ್ರ ಸಾಕು, ಮುಂದಿನದು ಆಮೇಲೆ ನೋಡೋಣ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ತೊಂದರೆ ಒಂದೇ. ಸರಣಿ 2013ರಲ್ಲಿ ಹನ್ನೊಂದನೇ ಸಂಪುಟಕ್ಕೆ ನಿಂತುಹೋಯಿತು, 1943ರ ಕಥೆಗಳ ಹೊತ್ತಿಗೆ. ಹೊಸ ಪ್ರತಿ ಸಿಗುವುದು ಕಷ್ಟ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳ ಕಾಮಿಕ್ಸ್ ಕಪಾಟಿನಲ್ಲಿ ಬಿಡಿ ಸಂಪುಟ ಕಂಡರೆ ಬಿಡಬೇಡಿ. ಆದರೆ ಹನ್ನೊಂದೂ ಸೇರಿಸುತ್ತೇನೆ ಅಂತ ಹೊರಟರೆ ನಡುವಿನ ಒಂದೆರಡು ಸಂಪುಟಕ್ಕೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಮೊದಲ ಎರಡು ಮೂರು ಸಂಪುಟಕ್ಕೆ ತೃಪ್ತಿಪಡುವುದೇ ಒಳ್ಳೆಯದು.

ಗೋಲ್ಡನ್ ಏಜ್: ದಪ್ಪದ್ದೋ, ಕೈಗೆ ಹಿಡಿಸುವುದೋ?

ಈಗ ಹೊಸದಾಗಿ ಕೊಳ್ಳುವವರ ಮುಂದಿರುವ ನಿಜವಾದ ಆಯ್ಕೆ ಇದು. ಗೋಲ್ಡನ್ ಏಜ್ ಅಂದರೆ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನ ಆ ಮೊದಲ ಕಾಲ. 2015ರಲ್ಲಿ ಗೋಲ್ಡನ್ ಏಜ್ ಆಮ್ನಿಬಸ್‌ನ ಮೊದಲ ಸಂಪುಟ ಬಂತು. ಡಿಟೆಕ್ಟಿವ್ 27ರಿಂದ 56, 'ಬ್ಯಾಟ್‌ಮನ್' 1ರಿಂದ 7, ಜೊತೆಗೆ ವರ್ಲ್ಡ್ಸ್ ಫೈನೆಸ್ಟ್ ಕಥೆಗಳು, 1940ರ ನ್ಯೂಯಾರ್ಕ್ ವಿಶ್ವ ಮೇಳದ ವಿಶೇಷ ಸಂಚಿಕೆಯ ಕಥೆ. ಎಲ್ಲ ಕಾಲಕ್ರಮದಲ್ಲಿ. ಸುಮಾರು ಎಂಟುನೂರು ಪುಟ, ಆಗಿನ ಬೆಲೆ 75 ಡಾಲರ್. ಮರುವರ್ಷ ಅದೇ ಕಥೆಗಳು ಪೇಪರ್‌ಬ್ಯಾಕ್ ಆಗಿ ಬರತೊಡಗಿದವು. ಪೇಪರ್‌ಬ್ಯಾಕ್‌ನ ಮೊದಲ ಎರಡು ಸಂಪುಟ ಸೇರಿದರೆ ಆಮ್ನಿಬಸ್‌ನ ಮೊದಲ ಸಂಪುಟ. ಕಥೆ, ಕ್ರಮ, ಚಿತ್ರ ಎಲ್ಲ ಅದೇ. ಪೇಪರ್‌ಬ್ಯಾಕ್ ಒಂದಕ್ಕೆ ಆಗ 29.99 ಡಾಲರ್ ಇತ್ತು.

ಹಾಗಾದರೆ ಯಾವುದು? ಎಲ್ಲಿ ಕೂತು ಓದುತ್ತೀರಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಆಮ್ನಿಬಸ್ ಮಲಗಿಕೊಂಡು ಓದುವ ಪುಸ್ತಕ ಅಲ್ಲ. ಎದೆಯ ಮೇಲೆ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ಸಾಕಾಗುತ್ತದೆ. ಬಸ್ಸಿನಲ್ಲಿ, ರೈಲಿನಲ್ಲಿ ಒಯ್ಯುವ ಮಾತೇ ಇಲ್ಲ. ಮೇಜು ಬೇಕು. ಆದರೆ ಹೊಲಿದ ಬೈಂಡು ಆದ್ದರಿಂದ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಪೇಪರ್‌ಬ್ಯಾಕ್ ಸುಮಾರು ನಾನೂರು ಪುಟ. ಅದನ್ನು ಎಲ್ಲಿ ಬೇಕಾದರೂ ಓದಬಹುದು, ಸ್ನೇಹಿತರಿಗೆ ಓದಲು ಕೊಡಬಹುದು, ಮೊದಲ ಸಂಪುಟ ಓದಿ ಹಿಡಿಸದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ನನ್ನ ಕೈಗೆ ಹೆಚ್ಚು ಸಲ ಬರುವುದು ಪೇಪರ್‌ಬ್ಯಾಕೇ.

ಆಮ್ನಿಬಸ್ ತರಿಸುವವರು ಒಂದು ಎಚ್ಚರ ವಹಿಸಿ. ನನಗೆ ಬಂದ ಒಂದು ಪ್ರತಿಯನ್ನು ತೆಳುವಾದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದರು. ಅಷ್ಟು ಭಾರದ ಪುಸ್ತಕ ಒಂದು ಸಲ ಕೆಳಗೆ ಬಿದ್ದರೂ ಮೂಲೆ ಜಜ್ಜಿಹೋಗುತ್ತದೆ, ಬೆನ್ನು ಕಿತ್ತು ಬರುತ್ತದೆ. ನನ್ನದರಲ್ಲಿ ಎರಡೂ ಆಗಿತ್ತು. ವಾಪಸ್ ಕಳಿಸಿ ಇನ್ನೊಂದು ಬರುವ ಹೊತ್ತಿಗೆ ಒಂದೂವರೆ ತಿಂಗಳು. ರಟ್ಟಿನ ಡಬ್ಬದಲ್ಲಿ ಕಳಿಸುತ್ತಾರಾ ಅಂತ ಮೊದಲೇ ಕೇಳಿ. ಆಗುವುದಾದರೆ ಅಂಗಡಿಗೇ ಹೋಗಿ ನೋಡಿ ಕೊಳ್ಳಿ.

ಆಮ್ನಿಬಸ್ ಯಾರಿಗೆ ಸರಿ ಅಂದರೆ, ಮೊದಲೆರಡು ವರ್ಷಕ್ಕೆ ನಿಲ್ಲದೆ ಇಡೀ ನಲವತ್ತರ ದಶಕವನ್ನು ಓದಬೇಕು ಅನ್ನುವವರಿಗೆ. ಖಳರಲ್ಲಿ ಪೆಂಗ್ವಿನ್ ಬರುವುದು ಡಿಟೆಕ್ಟಿವ್ 58ರಲ್ಲಿ, ಟೂ-ಫೇಸ್ 66ರಲ್ಲಿ. ಬಟ್ಲರ್ ಆಲ್ಫ್ರೆಡ್ 1943ರವರೆಗೂ ಇರುವುದೇ ಇಲ್ಲ! ಅದೇ ವರ್ಷದಿಂದ ಡಿಕ್ ಸ್ಪ್ರ್ಯಾಂಗ್ ಚಿತ್ರಗಳು ಅಚ್ಚಾಗತೊಡಗುತ್ತವೆ. ಅಗಲ ದವಡೆಯ ಬ್ಯಾಟ್‌ಮನ್, ಆಳೆತ್ತರದ ಟೈಪ್‌ರೈಟರ್‌ನಂಥ ಭಾರಿ ವಸ್ತುಗಳ ಮೇಲೆ ಕಾದಾಟ. ಅಲ್ಲಿಯವರೆಗೆ ಹೋಗುವ ಮನಸ್ಸಿದ್ದರೆ ಆಮ್ನಿಬಸ್ ಸಾಲು ಕಟ್ಟಿ. ಆ ಕಥೆಗಳು ಆ ಭಾರಕ್ಕೆ ತಕ್ಕವು.

ಒಂದೇ ಸಂಚಿಕೆ, ಇದ್ದ ಹಾಗೆ

ಸಂಗ್ರಹಗಳಲ್ಲಿ ಇರುವುದು ಬ್ಯಾಟ್‌ಮನ್ ಕಥೆ ಮಾತ್ರ. ಬ್ಯಾಟ್‌ಮನ್ ಮೊದಲು ಬಂದ 27ನೇ ಸಂಚಿಕೆ 64 ಪುಟದ್ದು, ಅದರ ಉಳಿದ ಕಥೆಗಳು, ಜಾಹೀರಾತುಗಳು ಎಲ್ಲಿ? ಅವು ಬೇಕಿದ್ದರೆ ಡಿಸಿಯವರು ಇತ್ತೀಚೆಗೆ ತಂದಿರುವ ಫ್ಯಾಕ್ಸಿಮಿಲಿ ಪ್ರತಿ ನೋಡಿ. ಇಡೀ ಸಂಚಿಕೆ ಮುಖಪುಟದಿಂದ ಹಿಂಪುಟದವರೆಗೆ ಇದೆ. ಸೂಪರ್‌ಮ್ಯಾನ್ ಸೃಷ್ಟಿಸಿದ ಸೀಗಲ್, ಶೂಸ್ಟರ್ ಜೋಡಿಯ ಸ್ಲ್ಯಾಮ್ ಬ್ರ್ಯಾಡ್ಲಿ ಎಂಬ ಪತ್ತೇದಾರನೂ ಅಲ್ಲಿದ್ದಾನೆ. ಆಗಿನ ಹುಡುಗರ ಕೈಗೆ ಸಿಕ್ಕಿದ್ದು ಏನು ಅಂತ ತಿಳಿಯಲು ಇದೇ ದಾರಿ. ಸಂಗ್ರಹದ ಬದಲಿಗಲ್ಲ, ಅದರ ಜೊತೆಗೆ ಕೊಳ್ಳುವಂಥದ್ದು.

ಮೋಸ ಹೋಗಬೇಡಿ ಅಂತ ಇನ್ನೊಂದು ಮಾತು. 1974ರಲ್ಲಿ ಇದೇ ಸಂಚಿಕೆಯನ್ನು ಫೇಮಸ್ ಫಸ್ಟ್ ಎಡಿಶನ್ ಅಂತ ಮರುಮುದ್ರಿಸಿದರು. ಹೊರಗಿನ ರಕ್ಷಾಪುಟ ತೆಗೆದರೆ ಒಳಗೆ ಥೇಟ್ 1939ರ ಮುಖಪುಟ. ಕೆಲವರು ಹಾಗೆ ತೆಗೆದು ಮೂಲ ಪ್ರತಿ ಅಂತ ಮಾರಲು ನೋಡುತ್ತಾರೆ. ಅಳತೆ ನೋಡಿ, ಅದೇ ಸಾಕ್ಷಿ. ಮರುಮುದ್ರಣ ಮೂಲಕ್ಕಿಂತ ಬಹಳ ದೊಡ್ಡದು, ಹೆಚ್ಚುಕಡಿಮೆ ಟ್ಯಾಬ್ಲಾಯ್ಡ್ ಪತ್ರಿಕೆಯಷ್ಟು.

ಕಿಂಡಲ್‌ನಂಥ ಡಿಜಿಟಲ್ ಪ್ರತಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಜಾಗ ಬೇಡ, ಟ್ಯಾಬ್ಲೆಟ್ ದೊಡ್ಡದಿದ್ದರೆ ಓದಲು ಹಿತ. ಫೋನಿನಲ್ಲಿ ಮಾತ್ರ ಬೇಡ. ಆ ಕಾಲದವರು ಒಂದು ಪುಟಕ್ಕೆ ಎಂಟು ಒಂಬತ್ತು ಪ್ಯಾನೆಲ್ ತುಂಬುತ್ತಿದ್ದರು, ಅಕ್ಷರ ಕಾಣುವುದೇ ಇಲ್ಲ.

ಕೊಳ್ಳುವ ಮುನ್ನ ಇನ್ನೆರಡು ವಿಷಯ

ಮಕ್ಕಳಿಗೆ ಕೊಡಬೇಕು ಅಂತಿದ್ದರೆ ಮೊದಲು ನೀವು ಓದಿ. ಕೊಲೆಗಳಿವೆ ಅನ್ನುವುದು ಒಂದು. ಅದಕ್ಕಿಂತ ನನಗೆ ನೋವು ಕೊಡುವುದು ಬೇರೆ ದೇಶದವರನ್ನು ತೋರಿಸಿರುವ ರೀತಿ. 35ನೇ ಸಂಚಿಕೆಯಲ್ಲಿ ಹಿಂದೂ ದೇವರದ್ದು ಎನ್ನುವ ಮಾಣಿಕ್ಯದ ವಿಗ್ರಹವೊಂದರ ಕಥೆ ಇದೆ. 39ರಲ್ಲಿ ಚೈನಾಟೌನ್ ಗ್ಯಾಂಗು. ಯುದ್ಧ ಶುರುವಾದ ಮೇಲೆ ಜಪಾನೀಯರ ಚಿತ್ರಗಳು ಇನ್ನೂ ಕೆಟ್ಟವು. ಇದು ಯಾವ ಸಂಗ್ರಹ ಕೊಂಡರೂ ಇರುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳ ಪಕ್ಕದಲ್ಲಿ ಕೂತು, ಆಗ ಹೀಗೆ ಬರೆಯುತ್ತಿದ್ದರು, ಇದು ತಪ್ಪು ಅಂತ ಹೇಳಿ ಓದಿಸಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಕೈಗೆ ಕೊಟ್ಟು ಎದ್ದು ಹೋಗಬೇಡಿ.

ಎರಡನೆಯದು ಹೆಸರಿನ ವಿಷಯ. ಮೂಲ ಕಥೆಗಳ ಮೇಲೆ ಇದ್ದಿದ್ದು ಬಾಬ್ ಕೇನ್ ಸಹಿ ಒಂದೇ. ಆದರೆ ಆ ಮೊದಲ ಕಥೆಯನ್ನು ಬರೆದವರು ಬಿಲ್ ಫಿಂಗರ್. ಅಪ್ಪ ಅಮ್ಮನ ಸಾವಿನ ಆ ಎರಡು ಪುಟ, ರಾಬಿನ್, ಜೋಕರ್ ಎಲ್ಲದರಲ್ಲೂ ಅವರ ಕೈ ಇದೆ. ಹದಿನೇಳನೇ ವಯಸ್ಸಿಗೇ ಕೆಲಸಕ್ಕೆ ಸೇರಿದ ಜೆರ್ರಿ ರಾಬಿನ್ಸನ್ ಚಿತ್ರಗಳಿಗೆ ಶಾಯಿ ಹಾಕಿದರು. ಜೋಕರ್ ತನ್ನ ಕಲ್ಪನೆ ಅಂತಲೂ ಅವರು ಹೇಳಿದ್ದರು. ಫಿಂಗರ್ 1974ರಲ್ಲಿ ತೀರಿಕೊಂಡರು. ಬ್ಯಾಟ್‌ಮನ್ ಹುಟ್ಟಿಸಿದವರ ಸಾಲಿನಲ್ಲಿ ಅವರ ಹೆಸರನ್ನು ಡಿಸಿಯವರು ಸೇರಿಸಿದ್ದು 2015ರಲ್ಲಿ. ಅದಾದ ಮೇಲೆ ಅಚ್ಚಾದ ಪೇಪರ್‌ಬ್ಯಾಕ್‌ಗಳಲ್ಲಿ ಬಾಬ್ ಕೇನ್ ಪಕ್ಕದಲ್ಲಿ ಬಿಲ್ ಫಿಂಗರ್ ಅಂತ ಇದೆ. ನನಗೆ ಇದು ಸಣ್ಣ ವಿಷಯ ಅಲ್ಲ. ಬೆಲೆ, ಕಾಗದ ಎರಡೂ ಸಮ ಅನಿಸಿದರೆ ನಾನು ಅವರ ಹೆಸರಿರುವ ಪ್ರತಿಯನ್ನೇ ಕೊಳ್ಳುತ್ತೇನೆ.

ಹಾಗಾಗಿ ಯಾರಾದರೂ ಒಂದೇ ಪುಸ್ತಕ ಹೇಳಿ ಅಂದರೆ ಗೋಲ್ಡನ್ ಏಜ್ ಪೇಪರ್‌ಬ್ಯಾಕ್‌ನ ಮೊದಲ ಸಂಪುಟ ಅನ್ನುತ್ತೇನೆ. ಡಿಟೆಕ್ಟಿವ್ 27ರಿಂದ 45, 'ಬ್ಯಾಟ್‌ಮನ್' 1ರಿಂದ 3. ಅದು ಸಿಗದೆ ಹಳೆಯ ಕ್ರಾನಿಕಲ್ಸ್ ಒಂದನೇ ಸಂಪುಟ ಸಿಕ್ಕಿದರೂ ಯೋಚನೆ ಮಾಡಬೇಡಿ. ಅಂಗಡಿಯಲ್ಲಿ ಬೇರೆ ಯಾವುದೋ ಸಂಗ್ರಹ ಕೈಗೆ ಬಂದರೆ ಮುಖಪುಟ ನೋಡಬೇಡಿ, ಪರಿವಿಡಿ ತೆಗೆಯಿರಿ. ರಾಬಿನ್ ಬರುವ 38ನೇ ಸಂಚಿಕೆಯ ಆಸುಪಾಸಿನಲ್ಲಿ 'ಬ್ಯಾಟ್‌ಮನ್' ಒಂದು ಅಂತ ಇದೆಯಾ ನೋಡಿ. ಇದ್ದರೆ ಮನೆಗೆ ತನ್ನಿ.